ನಮ್ಮ ನಿರಂಜನರು

(ಕಾರ್ಮಿಕ ಸಂಘದ ಕೋಣೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಕೂಲಿಯ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಎತ್ತುವುದಿಲ್ಲ. ನನ್ನ ಮೆಚ್ಚಿನ ಕಾದಂಬರಿಕಾರ ನಿರಂಜನರನ್ನು ನೆನೆಯಲು ನಿಂತಿದ್ದೇನೆ. ಅವರು ತೀರಿಕೊಂಡದ್ದು 1992ರಲ್ಲಿ. ನಾನು ಅವರನ್ನು ಕಣ್ಣಾರೆ ಕಂಡವನಲ್ಲ, ಪುಸ್ತಕದಿಂದ ಬಲ್ಲವನು.

ಅವರ ನಿಜವಾದ ಹೆಸರು ಕುಳಕುಂದ ಶಿವರಾಯ. 1924ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿದರು. ಆ ಕಾಲಕ್ಕೆ ಅದೇ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ರೈತರು ಜಮೀನ್ದಾರರ ದಬ್ಬಾಳಿಕೆಗೆ ಎದುರು ನಿಂತರು. 1941ರ ಮಾರ್ಚಿಯಲ್ಲಿ ಅವರ ಮೆರವಣಿಗೆಯ ಗದ್ದಲದಲ್ಲಿ ಒಬ್ಬ ಪೊಲೀಸಿನವನು ಹೊಳೆಯ ಪಾಲಾದ. 1943ರ ಮಾರ್ಚಿ 29ರಂದು ನಾಲ್ವರು ರೈತರನ್ನು ಕಣ್ಣಾನೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನು ಎಳೆಯ ಹುಡುಗನೆಂದು ಗಲ್ಲಿನಿಂದ ಉಳಿದ. ಆಗಿನ್ನೂ ಹತ್ತೊಂಬತ್ತು ತುಂಬದ ಶಿವರಾಯ ಆ ನಾಲ್ವರನ್ನು ಮರೆಯಲಿಲ್ಲ. 1955ರಲ್ಲಿ 'ಚಿರಸ್ಮರಣೆ' ಕಾದಂಬರಿ ಬಂತು.

ಇದೇ ಕೋಣೆಯಲ್ಲಿ, ಎರಡನೇ ಪಾಳಿ ಬಿಟ್ಟ ಮೇಲೆ, ಅದನ್ನು ದಿನಕ್ಕಿಷ್ಟೆಂದು ನಾನು ಓದಿ ಹೇಳಿದ್ದುಂಟು. ಕೊನೆಯ ಭಾಗಕ್ಕೆ ಬಂದಾಗ ನನಗೇ ಗಂಟಲು ಕಟ್ಟಿತು. "ಇಲ್ಲಿಗೆ ಸಾಕು, ಮುಂದಿನದು ನಿಮಗೆ ಗೊತ್ತೇ ಇದೆ" ಎಂದು ಪುಸ್ತಕ ಮುಚ್ಚಿದೆ. ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು, ಅಕ್ಷರ ಬಾರದವರು, ಎದ್ದು ನಿಂತು ಕೇಳಿದರು: "ಮೇಷ್ಟ್ರೇ, ಅವ್ರು ಕೊನೇವರೆಗೂ ನಿಂತ್ರು. ನಮಗೆ ಕೂತು ಕೇಳೋಕೂ ಆಗೋದಿಲ್ವಾ?"

ಪುಸ್ತಕ ಮತ್ತೆ ತೆರೆದೆ. ಹನ್ನೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಆ ರಾತ್ರಿ ಪಾಠ ಕಲಿತೆ.

ಅಂಗಡಿಯ ಬಂಧುಗಳು 'ರಂಗಮ್ಮನ ವಠಾರ' ಓದಬೇಕು. ಬೆಂಗಳೂರಿನ ಒಂದು ವಠಾರ, ಬಾಡಿಗೆಯ ಚಿಂತೆ, ಒಂದೇ ನಲ್ಲಿಯ ಮುಂದಿನ ಜಗಳ ಇಂಥ ಬದುಕನ್ನು ಬಲ್ಲವರಿಗೆ ಅದು ದೂರದ ಕಥೆಯಲ್ಲ.

ನಡುವಯಸ್ಸಿನಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ನಿಲ್ಲಲಿಲ್ಲ. ಲೋಕದ ಕಥೆಗಳನ್ನು ಕನ್ನಡಕ್ಕೆ ತಂದ 'ವಿಶ್ವಕಥಾಕೋಶ'ದ 25 ಸಂಪುಟಗಳನ್ನು ಸಂಪಾದಿಸಿದ್ದು ಆಮೇಲೆಯೇ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಮಡದಿ ಅನುಪಮಾ 1991ರಲ್ಲಿ ಹೋದರು. ಮರುವರ್ಷ ಇವರೂ ಹೋದರು.

ಅವರು ಬೆಳೆದದ್ದು ಕಮ್ಯುನಿಸ್ಟ್ ಚಳವಳಿಯಲ್ಲಿ; ನಮ್ಮದು ಸಮಾಜವಾದಿ ದಾರಿ. ವಾದ ಇರಲಿ. ಬಡವನ ಸಾವನ್ನು ಲೆಕ್ಕಕ್ಕೆ ತಂದ ಲೇಖಕ ಯಾವ ಪಕ್ಷದವನಾದರೂ ನಮ್ಮವನೇ.

ಮೂಲೆಯ ಕಪಾಟಿನಲ್ಲಿ ಈಗ ಅವರ ಮೂರು ಪುಸ್ತಕಗಳಿವೆ. 'ಚಿರಸ್ಮರಣೆ'ಯ ರಟ್ಟು ಕಿತ್ತುಹೋಗಿದೆ. ಹೊಸ ಪ್ರತಿಗೆ ತಲೆಗೆ ಐದು ರೂಪಾಯಿ ಕೂಡಿಸೋಣ. ಹಳೆಯದನ್ನು ಮಾತ್ರ ಎಸೆಯುವುದು ಬೇಡ. ಅದನ್ನು ಕೇಳಿಸಿಕೊಂಡ ಕೆಲವರು ಇಂದು ನಮ್ಮ ನಡುವೆ ಇಲ್ಲ.