‘ನಂಗೆ ಏರಕಿಲ್ಲ’ ಅನ್ನುವ ಮಗ



ಕೃಷ್ಣರಾಜಪೇಟೆಯ ಹಿನ್ನೀರಿನ ಊರುಗಳಿಂದ, ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಹೊಳೆದಂಡೆಯಿಂದ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಕುಡಿಯುವ ಗಂಡನ ವಿಷಯ ಅವರಿಗೆ ಹಳತಾಗಿದೆ, ಅದನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಈಗಿನ ಚಿಂತೆ ಗಂಡುಮಕ್ಕಳದ್ದು. “ಇಬ್ರು ಐಕ್ಳು. ದೊಡ್ಡವ್ನು ಈಗ್ಲೇ ಅವ್ರಪ್ಪನ್ ಜೊತೇಲಿ ಕುಡಿಯಕ್ ಕೂತ್ಕತಾನೆ. ಚಿಕ್ಕವ್ನಿಗೆ ಅದ್ರ ವಾಸ್ನೆ ಕಂಡ್ರೇ ಆಗಕಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದೋರು, ಹಿಂಗ್ಯಾಕೆ?”

ಪ್ರಶ್ನೆ ಮೀನು ಹಿಡಿಯುವವರ ಕೇರಿಯಿಂದ ಬಂತೆಂದರೆ ಕೆಲವರ ಬಳಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ಆ ಜನವೇ ಹಾಗೆ. ಈ ಮಾತಿಗೆ ಒಂದು ನಿಮಿಷ ಕೊಡುವುದೂ ದಂಡ. ಕುಡಿತ ಆಲೆಮನೆಯಲ್ಲೂ ಇದೆ, ಕಚೇರಿಯಲ್ಲೂ ಇದೆ. ಬೆಸ್ತರು, ಗಂಗಾಮತಸ್ಥರು, ಅಂಬಿಗರು, ಪರಿವಾರದವರ ಮನೆಗಳಲ್ಲಿ ಬೇರೆಯಾಗಿರುವುದು ಜಾತಿಯ ರಕ್ತವಲ್ಲ, ಕಸುಬಿನ ಏರ್ಪಾಟು. ಇಲ್ಲಿ ಅಪ್ಪ ಕೆಲಸಕ್ಕೆ ಹೋಗಿ ಸಂಜೆ ಬರುವವನಲ್ಲ, ಮಗನೂ ಅವನ ಜೊತೆಗೆ ನೀರಿನ ಮೇಲಿರುತ್ತಾನೆ.

ಕನ್ನಂಬಾಡಿಯ ಹಿನ್ನೀರಾಗಲಿ, ಸಿಂದಘಟ್ಟ, ಕಿಕ್ಕೇರಿಯಂಥ ಕೆರೆಯಾಗಲಿ, ಸಂಜೆ ಬಲೆ ಬಿಟ್ಟು ನಸುಕಿಗೆ ಎತ್ತುವುದು ರೂಢಿ. ಹರಿಗೋಲಿಗೆ ಇಬ್ಬರು ಬೇಕು. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಎತ್ತಬೇಕು. ಕೂಲಿಯವನಿಗೆ ಕೊಡಲು ಕಾಸಿಲ್ಲದ ಮನೆಯಲ್ಲಿ ಹುಟ್ಟು ಹಿಡಿಯುವವನು ದೊಡ್ಡ ಮಗ. ಕಾಟ್ಲಾ ಮೀನಿನ ಕಿವಿರು ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಅದನ್ನು ಬಿಡಿಸಲು ಬೆರಳು ನಡುಗದೆ ನಿಲ್ಲಬೇಕು. ದಿನಾ ಕುಡಿಯುವವನ ಬೆರಳು ನಸುಕಿನಲ್ಲಿ ನಿಲ್ಲುವುದಿಲ್ಲ. ರಾತ್ರಿಯ ಮದ್ಯ ಇಳಿದಂತೆಲ್ಲ ನಡುಕ ಏರುವ ಹೊತ್ತು ಅದು. ಆಗ ಅಪ್ಪ ಜೇಬಿನಿಂದ ನೈಂಟಿ ಪ್ಯಾಕೆಟ್ ತೆಗೆದು ಮೂಲೆ ಕಚ್ಚಿ ಎರಡು ಗುಟುಕು ಹಾಕುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಕೈ ನಿಲ್ಲುತ್ತದೆ, ಮೀನು ಬಿಡುತ್ತದೆ. ಎದುರಿಗೆ ಕೂತ ಹದಿಮೂರರ ಹುಡುಗ ಇದನ್ನು ನೋಡುತ್ತಾನೆ. ಕುಡಿದರೆ ಕೆಲಸ ಕೆಡುತ್ತದೆ ಎಂದು ಶಾಲೆಯ ಗೋಡೆಯ ಮೇಲೆ ಬರೆದಿದ್ದರೂ, ಕುಡಿದ ಮೇಲೇ ಅಪ್ಪನಿಗೆ ಕೆಲಸ ಸಾಗುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಚಿಕ್ಕವನು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ. ಅವನು ಕಾಣುವುದು ರಾತ್ರಿಯ ಅಪ್ಪನನ್ನು, ಕೂಗುವ, ಪಾತ್ರೆ ಎಸೆಯುವ ಅಪ್ಪನನ್ನು. ಒಂದೇ ಮನೆಯಲ್ಲಿ ಬೆಳೆದರೂ ಅಣ್ಣ ಕಂಡ ಅಪ್ಪನೇ ಬೇರೆ, ತಮ್ಮ ಕಂಡ ಅಪ್ಪನೇ ಬೇರೆ. ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಮೈಯೊಳಗಿನದು. ಅಪ್ಪನ ಕಣ್ಣಿಂದ ದೂರ ಮಾಡಿದರೆ ಸಾಕು, ಸೋದರಮಾವನ ಮನೆಗೋ ಹಾಸ್ಟೆಲಿಗೋ ಕಳಿಸಿಬಿಟ್ಟರೆ ಹುಡುಗ ಪಾರಾದ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದನ್ನು ಡೆನ್ಮಾರ್ಕಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಮದ್ಯವ್ಯಸನಿ ತಂದೆಯೋ ತಾಯಿಯೋ ಇದ್ದು, ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆಯವರ ಮನೆಗೆ ದತ್ತು ಹೋಗಿದ್ದ 55 ಗಂಡುಮಕ್ಕಳನ್ನು ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಅವರ ಸಂಗಡಿಗರು ಹುಡುಕಿ ತೆಗೆದರು. ಹೆತ್ತವರ ಮುಖವನ್ನೇ ಕಾಣದೆ ಬೆಳೆದವರು ಇವರು. 1973ರಲ್ಲಿ ಪ್ರಕಟವಾದ ಲೆಕ್ಕದಂತೆ ಅವರಲ್ಲಿ 18 ಶೇಕಡ ಮಂದಿ ವ್ಯಸನಿಗಳಾಗಿದ್ದರು. ಹೆತ್ತವರಲ್ಲಿ ವ್ಯಸನವಿಲ್ಲದ ದತ್ತುಮಕ್ಕಳಲ್ಲಿ ಈ ಪ್ರಮಾಣ 5 ಶೇಕಡ. ಮರುವರ್ಷ ಅದೇ ತಂಡ ದತ್ತು ಹೋದವರನ್ನು, ವ್ಯಸನಿ ಹೆತ್ತವರ ಮನೆಯಲ್ಲೇ ಉಳಿದು ಬೆಳೆದ ಅವರ ಒಡಹುಟ್ಟಿದ ಅಣ್ಣತಮ್ಮಂದಿರ ಜೊತೆ ಇಟ್ಟು ನೋಡಿತು. ವ್ಯಸನದ ಮಟ್ಟಿಗೆ ಇಬ್ಬರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಂತ ಹಣೆಬರಹ ಎಂದು ಕೈಚೆಲ್ಲಬೇಕಿಲ್ಲ. 18 ಶೇಕಡ ಅಂದರೆ ನೂರಕ್ಕೆ 82 ಮಂದಿ ವ್ಯಸನಿಗಳಾಗಲಿಲ್ಲ ಎಂದೇ ಅರ್ಥ. ಈ ಭಾಗವನ್ನು ಯಾರೂ ಜೋರಾಗಿ ಓದುವುದಿಲ್ಲ.

ಮಕ್ಕಳು ಅಪ್ಪನಿಂದ ಪಡೆದು ಬರುವುದಾದರೂ ಏನನ್ನು? ಈ ಭಾಷಣಕಾರನಿಗೆ ಹೇಳಿ ಮುಗಿಯದ ಸಂಗತಿ ಇದು. ಕುಡಿಯುವ ಆಸೆಯನ್ನು ಯಾರೂ ಹೊತ್ತು ಹುಟ್ಟುವುದಿಲ್ಲ. ಹಲವರು ಹೊತ್ತು ಬರುವುದು ಕುಡಿದರೂ ಏರದಿರುವ ಗುಣವನ್ನು.

ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಮಾರ್ಕ್ ಶುಕಿಟ್ ಎಂಬ ವೈದ್ಯ ಇಪ್ಪತ್ತರ ಆಸುಪಾಸಿನ 453 ಗಂಡಸರನ್ನು ಕರೆಸಿ, ಅಳತೆ ಮಾಡಿದ ಮದ್ಯ ಕುಡಿಸಿ, ನೆಟ್ಟಗೆ ನಿಲ್ಲಿಸಿ ಮೈ ಎಷ್ಟು ಓಲಾಡುತ್ತದೆ ಎಂದು ಅಳೆದ. ಕುಡುಕ ತಂದೆಯ ಮಕ್ಕಳಲ್ಲಿ ಬಹಳ ಮಂದಿ ಕಡಿಮೆ ಓಲಾಡಿದರು, ಅಮಲು ಅಷ್ಟೇನೂ ಏರಿಲ್ಲ ಎಂದರು. ರಕ್ತ ತೆಗೆದು ನೋಡಿದರೆ ಮದ್ಯದ ಮಟ್ಟ ಎಲ್ಲರಲ್ಲೂ ಒಂದೇ! ಹತ್ತು ವರ್ಷದ ನಂತರ ಅವರನ್ನೇ ಹುಡುಕಿಕೊಂಡು ಹೋದಾಗ, ಕುಡುಕರ ಮಕ್ಕಳ ಪೈಕಿ ಏರದವರಲ್ಲಿ 56 ಶೇಕಡ ವ್ಯಸನಿಗಳಾಗಿದ್ದರು. ಬೇಗ ಏರುತ್ತಿದ್ದವರಲ್ಲಿ 14 ಶೇಕಡ ಮಾತ್ರ.

ಸರಳವಾಗಿ ಹೇಳುವುದಾದರೆ, ಒಂದು ಗ್ಲಾಸಿಗೇ ತಲೆ ತಿರುಗಿ ವಾಂತಿ ಮಾಡಿಕೊಳ್ಳುವ ಹುಡುಗನಿಗೆ ಅವನ ಮೈಯೇ ‘ಸಾಕು ನಿಲ್ಲಿಸು’ ಎನ್ನುತ್ತದೆ. ಏರದವನಿಗೆ ಆ ಕೂಗು ಕೇಳಿಸುವುದೇ ಇಲ್ಲ. ಗೆಳೆಯರಿಗೆ ಎರಡರಲ್ಲಿ ಸಿಗುವುದು ಅವನಿಗೆ ಐದರಲ್ಲಿ ಸಿಗುತ್ತದೆ, ಆದ್ದರಿಂದ ಐದು ಕುಡಿಯುತ್ತಾನೆ. ಐದನ್ನೂ ಅವನ ಪಿತ್ತಜನಕಾಂಗವೇ ಅರಗಿಸಬೇಕು, ಮಿದುಳೇ ತಡೆದುಕೊಳ್ಳಬೇಕು. ಅಮಲು ಏರದಿದ್ದರೂ ಮದ್ಯ ರಕ್ತಕ್ಕೆ ಏರಿಯೇ ಇರುತ್ತದೆ. ಇನ್ನೊಮ್ಮೆ ಹೇಳಬೇಕು: ಏರದವನು ಗಟ್ಟಿಗನಲ್ಲ, ಅಪಾಯದಲ್ಲಿರುವವನು. ತಂದೆ ವ್ಯಸನಿಯಾಗಿದ್ದು ಮಗನಿಗೆ ಏರುತ್ತಿಲ್ಲವೆಂದರೆ ಅಪಾಯ ಇನ್ನೂ ಹೆಚ್ಚು.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬೀಗರೂಟದ ಶಾಮಿಯಾನದ ಹಿಂದೆ ನಿಂತವರಿಗೆ ಈ ದೃಶ್ಯ ಹೊಸದಲ್ಲ. “ಅರ್ಧ ಬಾಟ್ಲು ಹಾಕ್ದ, ಒಂಚೂರೂ ಅಲ್ಲಾಡ್ನಿಲ್ಲ, ಏನ್ ಗಟ್ಟಿ ಆಳು ಕಣ್ಲಾ!” ಎಂದು ಹಿರಿಯರೇ ಬೆನ್ನು ತಟ್ಟುವುದನ್ನು ಈ ಭಾಷಣಕಾರನೂ ನೋಡಿದ್ದಾನೆ. ಪಕ್ಕದಲ್ಲಿ ಎರಡನೆಯ ಗ್ಲಾಸಿಗೇ ಮಲಗಿಬಿಟ್ಟ ತಮ್ಮನನ್ನು ಹೆಣ್ಣಿಗ ಎಂದು ಆಡಿಕೊಂಡರು. ಭಯಪಡಬೇಕಾಗಿದ್ದವನಿಗೆ ಶಾಭಾಷ್‌ಗಿರಿ, ಮೈಯೇ ಕಾಯುತ್ತಿದ್ದವನಿಗೆ ಅವಮಾನ!

ಲೆಕ್ಕ ಬಾಟಲಿಯಿಂದ ಶುರುವಾಗಬೇಕು, ತಲೆಯಿಂದಲ್ಲ. ವಿಸ್ಕಿ, ಬ್ರಾಂದಿ ಬಾಟಲಿಯ ಲೇಬಲಿನ ಮೇಲೆ 42.8 ಶೇಕಡ ಎಂದು ಬರೆದಿರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಪಿತ್ತಜನಕಾಂಗ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 10 ಗ್ರಾಂ. ರಾತ್ರಿ ಒಂಬತ್ತಕ್ಕೆ ಎರಡು ಕ್ವಾರ್ಟರ್ ಮುಗಿಸಿ ‘ನಂಗೇನೂ ಆಗಿಲ್ಲ’ ಎಂದು ಐದಕ್ಕೆ ಎದ್ದು ಹರಿಗೋಲು ಹತ್ತುವವನ ರಕ್ತದಲ್ಲಿ ಇನ್ನೂ ಮೂರನೆಯ ಒಂದು ಪಾಲು ಉಳಿದಿರುತ್ತದೆ. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ. ಇನ್ನು ಚಳಿಗೆ ಒಂದು ಗುಟುಕು ಎಂಬ ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ಹೊರಗೆ ಹರಿದು ಹೋಗುತ್ತದೆ. ಮೈ ಬೆಚ್ಚಗಾಯಿತು ಅನ್ನಿಸುವ ಹೊತ್ತಿಗೇ ಅದು ತಣ್ಣಗಾಗುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ, ಬೆಳಗಿನ ಗಾಳಿಯಲ್ಲಿ, ಆಳದ ನೀರಿನ ಮೇಲೆ ಕೂತವನಿಗೆ ಇದಕ್ಕಿಂತ ಕೆಟ್ಟ ಔಷಧ ಇಲ್ಲ. ಅದೇ ಗುಟುಕನ್ನು ಹುಡುಗನ ಬಾಯಿಗೂ ಮುಚ್ಚಳದಲ್ಲಿ ಸುರಿಯುವವರಿದ್ದಾರೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, ಹದಿನೈದಕ್ಕೆ ಮೊದಲೇ ಕುಡಿತ ಶುರುಮಾಡಿದವರಲ್ಲಿ ಸುಮಾರು 40 ಶೇಕಡ ಮಂದಿ ಮುಂದೆಂದೋ ವ್ಯಸನಕ್ಕೆ ಸಿಕ್ಕಿದ್ದರು. ಇಪ್ಪತ್ತು ದಾಟಿ ಶುರುಮಾಡಿದವರಲ್ಲಿ ಅದು 10 ಶೇಕಡ. ಮುಚ್ಚಳವೇ ತಾನೇ ಎನ್ನುವ ಅಪ್ಪಂದಿರು ಈ ಎರಡು ಅಂಕಿಗಳನ್ನು ಕೇಳಿಸಿಕೊಳ್ಳಬೇಕು.



ಪಾರಾದ ಮಕ್ಕಳು ಹೇಗೆ ಪಾರಾದರು? ಹವಾಯಿಯ ಕವಾಯಿ ಎಂಬ ದ್ವೀಪ ಒಂದು ಕಾಲಕ್ಕೆ ಮಂಡ್ಯದಂತೆ ಕಬ್ಬಿನ ಸೀಮೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳ ಕಾಲ ಗಮನಿಸಿದರು. ಅವರಲ್ಲಿ ಕುಡುಕರ ಮನೆಯ ಮಕ್ಕಳೂ ಇದ್ದರು. ಹದಿನೆಂಟು ತುಂಬುವ ಹೊತ್ತಿಗೆ ಆ ಮನೆಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದೊಡ್ಡ ತೊಂದರೆಯಿಲ್ಲದೆ ಬೆಳೆದಿದ್ದರು. ಕಷ್ಟದ ಮನೆಗಳಿಂದ ಗೆದ್ದು ಬಂದವರ ಬದುಕಿನಲ್ಲಿ ಅಪ್ಪ ಅಮ್ಮನಲ್ಲದ ಇನ್ನೊಬ್ಬ ಹಿರಿಯರು ಎಡೆಬಿಡದೆ ಜೊತೆಗಿದ್ದುದು ಮತ್ತೆ ಮತ್ತೆ ಕಂಡಿತು. ನಮ್ಮಲ್ಲಿ ಅಜ್ಜಿಯೋ, ಸೋದರಮಾವನೋ, ಮೇಷ್ಟ್ರೋ ಆ ಹಿರಿಯರಾಗಬಹುದು. ಮಾವನ ಮನೆಗೆ ಕಳಿಸಿದರೆ ಮೈಗುಣ ಬದಲಾಗದಿದ್ದರೂ ನಿದ್ದೆ, ಓದು, ಧೈರ್ಯ ಉಳಿಯುತ್ತವೆ, ಅದು ಸಣ್ಣದಲ್ಲ. ಆದರೆ ಓದುವವನೆಂದು ತಮ್ಮನನ್ನು ಮಾತ್ರ ಕಳಿಸಿ, ಹುಟ್ಟು ಹಾಕಲು ಬೇಕೆಂದು ಅಣ್ಣನನ್ನು ಉಳಿಸಿಕೊಳ್ಳುವ ಮನೆಗಳೇ ಹೆಚ್ಚು. ಹೆಚ್ಚು ಅಪಾಯದಲ್ಲಿರುವವನು ಆ ಅಣ್ಣ.

ಅಪ್ಪನ ವಿಷಯ ಎರಡೇ ಮಾತು. ಹಲವು ವರ್ಷ ದಿನಾ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ಸಲಕ್ಕೆ ಬಿಡಿಸಲು ಹೋಗಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರು ನಾಲ್ಕನೆಯ ದಿನಕ್ಕೆ ಬುದ್ಧಿ ಭ್ರಮಿಸಿ ಜೀವಕ್ಕೇ ಕುತ್ತಾಗಬಹುದು. ವೈದ್ಯರ ಕಣ್ಗಾವಲು ಬೇಕೇ ಬೇಕು. ಜಾಹೀರಾತು ನೋಡಿ ತರಿಸಿದ ‘ಕುಡಿತ ಬಿಡಿಸುವ ಪುಡಿ’ಯನ್ನು ಅವನಿಗೆ ಗೊತ್ತಿಲ್ಲದಂತೆ ಸಾರಿಗೆ ಬೆರೆಸಬಾರದು. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದು, ಮೇಲೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಬೇಕಾದೀತು.

ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರು ಅಕ್ಕಪಕ್ಕದ ಊರಿನಲ್ಲೇ ಸಿಕ್ಕಾರು. ಶಿಬಿರಕ್ಕೆ ಸೇರಿಸುವ ಮುನ್ನವೂ ವೈದ್ಯರಿಗೆ ತೋರಿಸುವುದು ಒಳ್ಳೆಯದು. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಹೆಂಡತಿ ಮಾಡಬಹುದು, ಅಜ್ಜಿ ಮಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಕ್ಕಳೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಅದಕ್ಕೂ ಕಾಸು ಬೇಡ. ದೊಡ್ಡ ಮಗನಿಗೆ ಈ ಎರಡೂ ಸಂಖ್ಯೆ ಗೊತ್ತಿದೆಯೇ ಎಂದು ಇವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಿ.