ಕೆಂಚು ಕುದುರೆಯ ಪಾಠ

(ನಾಡತಳಿಗಳ ಸಂರಕ್ಷಣೆ ಕುರಿತು ನೀಡಿದ ಉಪನ್ಯಾಸದ ಪಠ್ಯ)



ಭಾರ ಎಳೆಯುವ ಕುದುರೆಗಳು ನಮ್ಮ ಮಲೆನಾಡಿನವಲ್ಲ. ಆದರೂ ಇಂಗ್ಲೆಂಡಿನ ಪೂರ್ವಭಾಗದ ಸಫೊಕ್ ಸೀಮೆಯ ಕುದುರೆಯ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ತಳಿಯೊಂದನ್ನು ಯಾವುದು ಉಳಿಸುತ್ತದೆ, ಯಾವುದು ಉಳಿಸಲಾರದು ಎಂಬುದಕ್ಕೆ ಅದೊಂದು ನಿದರ್ಶನ.

ಯುರೋಪಿನ ರೈತರು ನೇಗಿಲಿಗೂ ಬಂಡಿಗೂ ಕುದುರೆಗಳನ್ನು ಹೂಡುತ್ತಿದ್ದರು. ಸೀಮೆಗೊಂದು ತಳಿ, ತಳಿಗೊಂದು ಚಹರೆ. ಫ್ರಾನ್ಸಿನ ಪರ್ಚೆರಾನ್ ಹೆಚ್ಚಾಗಿ ಬೂದು ಇಲ್ಲವೆ ಕಪ್ಪು. ಬೂದು ಕುದುರೆ ಹುಟ್ಟುವಾಗ ಕಡುಬಣ್ಣದ್ದೇ ಆಗಿದ್ದು, ವಯಸ್ಸಾದಂತೆ ಬೆಳ್ಳಗಾಗುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್‌ಗೆ ಮುಖದಲ್ಲಿ ಬಿಳಿಯ ಪಟ್ಟೆ, ಗೊರಸನ್ನು ಮರೆಮಾಡುವ ನೀಳಗೂದಲು. ಬೆಲ್ಜಿಯಂ, ಫ್ರಾನ್ಸ್‌ಗಳ ಅರ್ಡೆನ್ ಬೆಟ್ಟಸೀಮೆಯ ಕುದುರೆಗಳಲ್ಲಿ ಕೆಂಪು ಕೂದಲಿನೊಡನೆ ಬಿಳಿಗೂದಲು ಬೆರೆತ ಬಣ್ಣ ಸಾಮಾನ್ಯ. ಕಾಡಿನಿಂದ ದಿಮ್ಮಿ ಎಳೆಯಲು ಅವನ್ನು ಇಂದಿಗೂ ಬಳಸುವುದುಂಟು. ಭಾರೀ ಯಂತ್ರಗಳು ಅರಣ್ಯದ ಮಣ್ಣನ್ನು ಅದುಮಿ ಗಟ್ಟಿಯಾಗಿಸುವಷ್ಟು ಅವು ಮಾಡುವುದಿಲ್ಲ.

ಸಫೊಕ್ ಕುದುರೆಗೆ ಮಾತ್ರ ಒಂದೇ ಬಣ್ಣ: ಕೆಂಚು. ಅದರಲ್ಲೇ ಏಳು ಛಾಯೆಗಳನ್ನು ಗುರುತಿಸುತ್ತಾರೆ. ಕೆಂಚು ಅಡಗಿರಬಲ್ಲ ಗುಣ. ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತದೆ. ಆದುದರಿಂದ ಕೆಂಚು ಜೋಡಿಗೆ ಹುಟ್ಟುವ ಮರಿಯೂ ಕೆಂಚೇ. ಇಂದಿರುವ ಸಫೊಕ್ ಕುದುರೆಗಳೆಲ್ಲವೂ ಗಂಡಿನ ಕಡೆಯಿಂದ 1768ರಲ್ಲಿ ಹುಟ್ಟಿದ ಒಂದೇ ಕುದುರೆಯ ಸಂತತಿ.

ಅದರ ನಿಜವಾದ ಗುಣ ಬಣ್ಣದಲ್ಲಿರಲಿಲ್ಲ. ಗುಂಡಗಿನ ಮೈ, ಗಿಡ್ಡ ಕಾಲು; ಕಾಲಿನಲ್ಲಿ ನೀಳಗೂದಲಿಲ್ಲದ ಕಾರಣ ಆ ಸೀಮೆಯ ಜಿಗುಟಾದ ಜೇಡಿಮಣ್ಣು ಮೆತ್ತಿಕೊಳ್ಳುತ್ತಿರಲಿಲ್ಲ. ಮಿತವಾದ ಮೇವಿನಲ್ಲಿ ದೀರ್ಘಕಾಲ ದುಡಿಯುತ್ತಿತ್ತು. ನೆಲವೇ ತಿದ್ದಿದ ಪ್ರಾಣಿ ಅದು.

ಅದರ ಸಂರಕ್ಷಣೆಗೆ 1877ರಲ್ಲೇ ಸಂಘ ಸ್ಥಾಪನೆಯಾಯಿತು, ವಂಶಾವಳಿಯ ದಾಖಲೆಯೂ ಆರಂಭವಾಯಿತು. ಆದರೆ ಎರಡನೆಯ ಮಹಾಯುದ್ಧದ ಬಳಿಕ ಹೊಲಗಳನ್ನು ಟ್ರ್ಯಾಕ್ಟರ್ ಆಕ್ರಮಿಸಿತು. 1966ರಲ್ಲಿ ದಾಖಲಾದ ಮರಿಗಳು ಕೇವಲ ಒಂಬತ್ತು! ಬಣ್ಣ ಕೆಟ್ಟಿರಲಿಲ್ಲ, ದಾಖಲೆಯೂ ಕಳೆದಿರಲಿಲ್ಲ, ಇಲ್ಲವಾದುದು ಕೆಲಸ. ಅನಂತರ ಆಸಕ್ತರ ಶ್ರಮದಿಂದ ತಳಿ ಚೇತರಿಸಿಕೊಂಡರೂ ಅದಿನ್ನೂ ಅಪಾಯದ ಅಂಚಿನಲ್ಲಿದೆ. ಸಂಖ್ಯೆ ಅಷ್ಟು ಕುಸಿದ ಮೇಲೆ ರಕ್ತಸಂಬಂಧದೊಳಗಿನ ಸಂಕರವನ್ನು ತಪ್ಪಿಸುವುದೂ ಕಷ್ಟ.

ಈಗ ನಮ್ಮ ಕೊಟ್ಟಿಗೆಯತ್ತ ನೋಡೋಣ. ಮಲೆನಾಡು ಗಿಡ್ಡಕ್ಕೆ ಒಂದೇ ಬಣ್ಣವಿಲ್ಲ. ಕಪ್ಪು, ಕಂದು, ಕೆಂಚು, ಬೆರಕೆ ಎಲ್ಲವೂ ಉಂಟು. ಇದನ್ನು ಕುಂದೆಂದು ಭಾವಿಸಬೇಡಿ. ಈ ನೆಲದ ಮಳೆ, ಏರು, ಒರಟು ಮೇವುಗಳಿಗೆ ಒಗ್ಗಿಕೊಂಡದ್ದೇ ಅದರ ಗುರುತು. ಅಧಿಕೃತ ತಳಿಯೆಂಬ ಮನ್ನಣೆ ದೊರೆತುದು ಸಂತೋಷವೇ. ಅದೊಂದೇ ಅದನ್ನು ಕಾಯದು. ತೋಟಕ್ಕೆ ಅದರ ಗೊಬ್ಬರ ಬೇಕೆನಿಸಬೇಕು; ಬೆಟ್ಟ, ಬ್ಯಾಣ, ಗೋಮಾಳಗಳು ಅದಕ್ಕೆ ತೆರೆದಿರಬೇಕು. ಮೇಯುವ ನೆಲವನ್ನು ಬಿಟ್ಟುಕೊಟ್ಟು ತಳಿಯ ಹೆಸರನ್ನಷ್ಟೇ ಉಳಿಸಿಕೊಂಡರೆ, ನಮಗೂ ಒಂಬತ್ತರ ಲೆಕ್ಕ ಬಂದೀತು.