ಬೈರೂತಿನ ಹಸಿವು: ಚರಿತ್ರೆಯನ್ನು ಪೂರ್ತಿ ಓದೋಣ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಖಿಲಾಫತ್ ಚಳವಳಿಯ ಪಾಠವನ್ನು ನೀವೆಲ್ಲ ಓದಿದ್ದೀರಿ. ತುರ್ಕಿಯ ಖಲೀಫರ ಪರವಾಗಿ 1919ರಲ್ಲಿ ನಮ್ಮ ದೇಶದಲ್ಲಿ ಎದ್ದ ದನಿ ನಿಮಗೆ ಗೊತ್ತು. ಆದರೆ ಅದಕ್ಕೆ ಮೊದಲಿನ ನಾಲ್ಕು ವರ್ಷ, ಅದೇ ಉಸ್ಮಾನಿಯಾ ಸಾಮ್ರಾಜ್ಯದ ಒಂದು ಬಂದರು ಪ್ರಾಂತದಲ್ಲಿ ಜನಸಾಮಾನ್ಯರ ಪಾಡು ಏನಾಗಿತ್ತು ಎಂಬುದು ಆ ಪಾಠದಲ್ಲಿಲ್ಲ. ಇಂದು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಭೂಪಟ ತೆಗೆದು ನೋಡಿ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಉತ್ತರದ ಲತಾಕಿಯಾದಿಂದ ದಕ್ಷಿಣದ ಅಕ್ಕಾ, ಹೈಫಾವರೆಗೆ ಹರಡಿದ್ದೇ ಬೈರೂತ್ ಪ್ರಾಂತ. ಅದರ ಬೆನ್ನಿಗೇ ಲೆಬನಾನ್ ಪರ್ವತ. ಪರ್ವತದ ಆಡಳಿತ ಬೇರೆಯಾಗಿದ್ದರೂ ಅದರ ವ್ಯಾಪಾರಕ್ಕೆ ಬೈರೂತೇ ಬಾಗಿಲು. ಅಲ್ಲಿನ ರೈತರು ಗೋಧಿಗಿಂತ ಹೆಚ್ಚಾಗಿ ಹಿಪ್ಪುನೇರಳೆ ಬೆಳೆದು, ರೇಷ್ಮೆಯನ್ನು ಫ್ರಾನ್ಸಿಗೆ ಮಾರುತ್ತಿದ್ದರು. ಅಮೆರಿಕಕ್ಕೆ ದುಡಿಯಲು ಹೋದ ಮಕ್ಕಳು ಹಣ ಕಳುಹಿಸುತ್ತಿದ್ದರು. ಆ ದುಡ್ಡಿನಲ್ಲಿ ಹೊರಗಿನಿಂದ ಧಾನ್ಯ ಕೊಂಡು ಉಣ್ಣುತ್ತಿದ್ದರು. ಶಾಂತಿಯ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ.

1914ರ ಕೊನೆಯಲ್ಲಿ ತುರ್ಕಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಮತ್ತು ಫ್ರೆಂಚ್ ಯುದ್ಧನೌಕೆಗಳು ಈ ತೀರಕ್ಕೆ ದಿಗ್ಬಂಧನ ಹಾಕಿದವು. ರೇಷ್ಮೆ ಹೊರಗೆ ಹೋಗಲಿಲ್ಲ, ಅಕ್ಕಿ ಒಳಗೆ ಬರಲಿಲ್ಲ, ಮಕ್ಕಳು ಕಳುಹಿಸಿದ ಹಣವೂ ಸರಾಗವಾಗಿ ತಲುಪಲಿಲ್ಲ. 1915ರಲ್ಲಿ ಮಿಡತೆಗಳ ದಂಡು ಬಂದು ಹಸಿರನ್ನೆಲ್ಲ ತಿಂದು ಹಾಕಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ತಪ್ಪೆಲ್ಲ ಶತ್ರುವಿನದು ಮತ್ತು ಮಿಡತೆಯದು ಎಂದಾಗುತ್ತದೆ. ನಮಗೂ ಹಾಗೆ ಕೇಳುವುದೇ ಇಷ್ಟ. ಆದರೆ ಒಳನಾಡಿನ ಹೌರಾನ್ ಬಯಲಿನಲ್ಲಿ ಗೋಧಿ ಬೆಳೆಯುತ್ತಿತ್ತು. ದಮಾಸ್ಕಸ್‌ನಿಂದ ಬೈರೂತಿಗೆ 1895ರಿಂದಲೇ ರೈಲು ಇತ್ತು. ಹಾಗಿದ್ದರೂ ಧಾನ್ಯ ಏಕೆ ಬರಲಿಲ್ಲ? ರೈಲಿನ ಡಬ್ಬಿಗಳು ಮೊದಲು ಸೈನ್ಯಕ್ಕೆ ಮೀಸಲಾದವು. ಹಡಗಿನ ಕಲ್ಲಿದ್ದಲು ನಿಂತ ಮೇಲೆ ಎಂಜಿನ್ನಿಗೆ ಸೌದೆ ಬೇಕಾಗಿ ಮರಗಳು ಉರುಳಿದವು. ಹೊರೆ ಹೊರುವ ಪ್ರಾಣಿಗಳನ್ನೂ ದವಸವನ್ನೂ ಸರಕಾರ ವಶಪಡಿಸಿಕೊಂಡಿತು. ದುಡಿಯುವ ಗಂಡಸರು ಸೈನ್ಯಕ್ಕೆ ಹೋದರು. ಕಾಗದದ ನೋಟಿನ ಬೆಲೆ ಇಳಿಯಿತು, ರೈತರು ಚಿನ್ನದ ನಾಣ್ಯವನ್ನೇ ಕೇಳಿದರು. ಸ್ಥಳೀಯ ವರ್ತಕರಲ್ಲಿ ಕೆಲವರು ಗೋಧಿ ಅಡಗಿಸಿಟ್ಟು, ಬೆಲೆ ಏರಿದ ಮೇಲೆ ಮಾರಿದರು. ಹಸಿದವನು ಮನೆಯ ಪಾತ್ರೆ, ಬಾಗಿಲು, ಕೊನೆಗೆ ಹೊಲ ಮಾರಿದ.

ಉರ್ದು ಓದುವ ಮಕ್ಕಳು ಒಂದು ಪದವನ್ನು ಗಮನಿಸಬೇಕು. ಸೇನೆ ಕೂಡಿಸುವುದಕ್ಕೆ ತುರ್ಕಿಯಲ್ಲಿ 'ಸೆಫೆರ್‌ಬೆರ್ಲಿಕ್' ಎನ್ನುತ್ತಾರೆ. ನಮ್ಮ 'ಸಫರ್' ಅದರಲ್ಲಿದೆ. ಆ ನಾಡಿನ ಅರಬರ ಬಾಯಲ್ಲಿ ಈ ಪದ ಆ ಇಡೀ ಸಂಕಟಕಾಲದ ಹೆಸರಾಗಿಬಿಟ್ಟಿತು.

ಲೆಬನಾನ್ ಪರ್ವತದ ಸುಮಾರು ನಾಲ್ಕು ಲಕ್ಷ ಜನರಲ್ಲಿ ಒಂದೂವರೆ ಲಕ್ಷದಿಂದ ಎರಡು ಲಕ್ಷದಷ್ಟು ಮಂದಿ ಹಸಿವು, ಟೈಫಸ್ ಜ್ವರ ಮುಂತಾದ ರೋಗಗಳಿಗೆ ಬಲಿಯಾದರೆಂದು ಅಂದಾಜು. 1916ರ ಕೊನೆಯಲ್ಲಿ ಪರಿಹಾರ ಸಾಮಗ್ರಿ ಹೊತ್ತು ಹೊರಟ ಅಮೆರಿಕದ ಹಡಗು ಬೈರೂತನ್ನು ತಲುಪಲೇ ಇಲ್ಲ. ಅನ್ನ ಬಿಟ್ಟರೆ ಶತ್ರುಸೈನ್ಯ ಉಣ್ಣುತ್ತದೆ ಎಂಬುದು ಮಿತ್ರರಾಷ್ಟ್ರಗಳ ಲೆಕ್ಕ. ಇತ್ತ ಸೇನಾಧಿಪತಿ ಜಮಾಲ್ ಪಾಷಾ ಅದೇ ವರ್ಷ ಮೇ 6ರಂದು ಬೈರೂತ್ ಮತ್ತು ದಮಾಸ್ಕಸ್‌ನಲ್ಲಿ ಅರಬ್ ಮುಖಂಡರನ್ನು ಗಲ್ಲಿಗೇರಿಸಿದ. ಅವರಲ್ಲಿ ಮುಸ್ಲಿಮರೂ ಇದ್ದರು, ಕ್ರೈಸ್ತರೂ ಇದ್ದರು.

ನಮ್ಮ ಸಂಘದಂತೆಯೇ ಶಾಲೆಗಳನ್ನು ನಡೆಸುವ ಮಕಾಸಿದ್ ಎಂಬ ಸಂಸ್ಥೆ ಬೈರೂತಿನಲ್ಲಿ 1878ರಲ್ಲಿ ಸ್ಥಾಪನೆಯಾಯಿತು. ಅದರ ಅಧ್ಯಕ್ಷರಾಗಿದ್ದ ಸಲೀಮ್ ಅಲಿ ಸಲಾಮ್ ಅವರ ಮಗಳು ಅನ್‌ಬರಾ. ಹುಟ್ಟಿದ್ದು 1897ರಲ್ಲಿ. ಇಪ್ಪತ್ತರ ಆಸುಪಾಸಿನ ಈ ಹುಡುಗಿ ಯುದ್ಧದ ದಿನಗಳಲ್ಲಿ ಬಡ ಹೆಂಗಸರು ಮತ್ತು ಮಕ್ಕಳ ಆಶ್ರಯ ಕೇಂದ್ರಗಳಲ್ಲಿ ಸೇವೆ ಮಾಡಿದರು. ಮುಂದೆ ಹೋಮರನ ಮಹಾಕಾವ್ಯಗಳನ್ನು ಅರಬಿಗೆ ತಂದವರೂ ಇವರೇ. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಇದೇ ಪ್ರಾಂತದ ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರದ ಸವಾರರು ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ಮೈಸೂರಿನ ಆ ಪಡೆಯಲ್ಲಿ ಮುಸ್ಲಿಂ ಸವಾರರೂ ಇದ್ದರು. ಖಲೀಫರ ಸೈನ್ಯದ ಎದುರು ಅವರು ಹೋರಾಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ನೋಡಿ ಬನ್ನಿ. ಅಕ್ಟೋಬರ್ 8ರಂದು ಬ್ರಿಟಿಷ್ ಕಡೆಯ ಸೈನ್ಯ ಬೈರೂತನ್ನು ಸೇರಿತು. ಅದರಲ್ಲೂ ಭಾರತೀಯ ಸಿಪಾಯಿಗಳಿದ್ದರು.

ವಿದ್ಯಾರ್ಥಿಗಳೇ, ಖಲೀಫರ ಮೇಲಿನ ಅಭಿಮಾನಕ್ಕಾಗಿ ಜಮಾಲ್ ಪಾಷಾನನ್ನು ಮರೆಯಬೇಡಿ. ಜಮಾಲ್ ಪಾಷಾನ ಮೇಲಿನ ಸಿಟ್ಟಿಗೆ ಬ್ರಿಟಿಷರ ಹಡಗುಗಳನ್ನೂ ಮರೆಯಬೇಡಿ. ಗೋಧಿ ಅಡಗಿಸಿಟ್ಟವನು ಹೊರಗಿನವನಾಗಿರಲಿಲ್ಲ ಎಂಬುದನ್ನಂತೂ ಮರೆಯಲೇಬೇಡಿ. ಎಲ್ಲಿಯಾದರೂ ಕ್ಷಾಮದ ಸುದ್ದಿ ಓದಿದರೆ ಮೂರು ಪ್ರಶ್ನೆ ಕೇಳಿ: ಧಾನ್ಯ ಎಲ್ಲಿತ್ತು? ಯಾರ ಕೈಯಲ್ಲಿತ್ತು? ದಾರಿ ಮುಚ್ಚಿದವರು ಯಾರು? ನಮ್ಮವರ ತಪ್ಪನ್ನೂ ಸೇರಿಸಿ ಉತ್ತರ ಬರೆಯುವವನೇ ಚರಿತ್ರೆಯ ಒಳ್ಳೆಯ ವಿದ್ಯಾರ್ಥಿ.